ಕಂಪ್ಯೂಟರ್ ಹೋಗಿದೆ ಸಾರ್!

ಕಾರಣ ಗೊತ್ತಾಗದ ತೊಂದರೆಗೆಲ್ಲ ನಮ್ಮಲ್ಲಿ ಒಬ್ಬೊಬ್ಬ ಕಾಯಂ ಆರೋಪಿ ಇರುತ್ತಾನೆ. ಮಗು ಹಾಲು ಕುಡಿಯದೆ ಹಟ ಹಿಡಿದರೆ ದೃಷ್ಟಿ. ಹುಡುಗನಿಗೆ ಹೆಣ್ಣು ಕೂಡಿಬರದಿದ್ದರೆ ಕುಜ. ವ್ಯಾಪಾರ ಕೈಹತ್ತದಿದ್ದರೆ ಸಾಡೇಸಾತಿ. ಬ್ಯಾಂಕಿನಲ್ಲಿ ಪಾಸ್‌ಬುಕ್ ಎಂಟ್ರಿ ಆಗದಿದ್ದರೆ ಸರ್ವರ್. ಇವರೆಲ್ಲರ ಹೆಚ್ಚುಗಾರಿಕೆ ಏನೆಂದರೆ, ಯಾರೂ ಕಣ್ಣಿಗೆ ಕಾಣುವುದಿಲ್ಲ, ಯಾರೂ ತಿರುಗಿ ಮಾತಾಡುವುದಿಲ್ಲ. ಈ ಸಾಲಿಗೆ ಈಚೆಗೆ ಬಂದು ಸೇರಿಕೊಂಡದ್ದು ಹಳೇ ಕಾರಿನ ಇಂಜಿನ್ ಕಂಪ್ಯೂಟರ್. ಕೆಲವರು ಇಸಿಯು ಅನ್ನುತ್ತಾರೆ, ಗ್ಯಾರೇಜಿನವರು ಇಸಿಎಂ ಅನ್ನುತ್ತಾರೆ. ಹದಿನೈದಿಪ್ಪತ್ತು ವರ್ಷ ಓಡಿದ ಗಾಡಿ ಮಿಸ್ಸಿಂಗ್ ಹೊಡೆಯಲಿ, ಪಿಕಪ್ ಕಳೆದುಕೊಳ್ಳಲಿ, ನಡುರಸ್ತೆಯಲ್ಲಿ ಮುನಿಸಿಕೊಂಡು ನಿಲ್ಲಲಿ. ಪ್ಲಗ್ ಬದಲಾಯಿಸಿ, ಪೆಟ್ರೋಲ್ ಫಿಲ್ಟರ್ ಬದಲಾಯಿಸಿ, ಅಷ್ಟಕ್ಕೂ ಜಗ್ಗದಿದ್ದರೆ ಮೆಕ್ಯಾನಿಕ್ ಕೈಯೊರೆಸಿಕೊಳ್ಳುತ್ತಾ ತೀರ್ಪು ಕೊಡುತ್ತಾನೆ: ‘ಕಂಪ್ಯೂಟರ್ ಹೋಗಿದೆ ಸಾರ್.’

ಈ ತೀರ್ಪು ಕೇಳಿದ ಮೇಲೆ ಮೇಲ್ಮನವಿ ಸಲ್ಲಿಸುವ ಧೈರ್ಯ ಯಾರಿಗೂ ಬರುವುದಿಲ್ಲ. ಕಾರ್ಬೊರೇಟರ್ ಕಾಲದಲ್ಲಿ ಹೀಗಿರಲಿಲ್ಲ. ಆಗ ಗಾಡಿ ನಿಂತರೆ ಸುತ್ತ ನಿಂತವರೆಲ್ಲ ವೈದ್ಯರೇ. ಒಬ್ಬ ಚೋಕ್ ಎಳೆಯಿರಿ ಅನ್ನುತ್ತಿದ್ದ, ಇನ್ನೊಬ್ಬ ಪ್ಲಗ್ ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜುತ್ತಿದ್ದ, ಮೂರನೆಯವನು ಜೆಟ್ ಬಾಯಿಗಿಟ್ಟು ಊದಿ ಪೆಟ್ರೋಲ್ ಉಗುಳುತ್ತಿದ್ದ. ಆಮೇಲೆ ಎಲ್ಲರೂ ಸೇರಿ ತಳ್ಳಿದರೆ ಗಾಡಿ ಹೊರಡುತ್ತಿತ್ತು. ದೆಹಲಿಯ ಹೊಗೆಯ ವಿಚಾರ ಸುಪ್ರೀಂ ಕೋರ್ಟ್ ಹತ್ತಿ, 1999ರಲ್ಲಿ ಬಂದ ಆದೇಶದ ಪ್ರಕಾರ 2000ದ ಏಪ್ರಿಲ್‌ನಿಂದ ರಾಜಧಾನಿ ಸುತ್ತಮುತ್ತ ಮಾರುವ ಹೊಸ ಕಾರುಗಳು ಯೂರೋ-2 ಮಟ್ಟ ಮುಟ್ಟಲೇಬೇಕಾಯಿತು. ಆ ಏಟಿಗೆ ಕಾರ್ಬೊರೇಟರ್ ಹಿಂದೆ ಸರಿದು, ಡಿಕ್ಕಿಯ ಮೇಲೆ ‘ಎಂಪಿಎಫ್ಐ’ ಎಂಬ ಅಕ್ಷರಗಳು ಹೊಳೆಯತೊಡಗಿದವು. ಹಾಗೆ ಅಕ್ಷರ ಅಂಟಿಸಿಕೊಂಡ ಗಾಡಿಯ ಒಳಗೆಲ್ಲೋ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ, ಒಂದು ಅಲ್ಯೂಮಿನಿಯಂ ಡಬ್ಬಿ ಬಂದು ಕೂತಿದೆ ಎಂಬುದು ಎಷ್ಟೋ ಮಾಲೀಕರಿಗೆ ಗೊತ್ತೇ ಇರಲಿಲ್ಲ. ಅದು ಹೋಗಿದೆ ಎಂದು ಮೆಕ್ಯಾನಿಕ್ ಹೇಳಿದಾಗಲೇ ಅದು ಇತ್ತೆಂದು ತಿಳಿದದ್ದು.

ಲೋಕಕ್ಕೆ ಅದು ಆಗಲೇ ಹಳೆಯ ಸುದ್ದಿ. ಜರ್ಮನಿಯ ಬಾಷ್ ಕಂಪನಿ 1967ರಲ್ಲೇ ಫೋಕ್ಸ್‌ವ್ಯಾಗನ್ 1600ಕ್ಕೆ ಎಲೆಕ್ಟ್ರಾನಿಕ್ ಇಂಜೆಕ್ಷನ್ ಕೂರಿಸಿತ್ತು. 1979ರಲ್ಲಿ ಬಿಎಂಡಬ್ಲ್ಯು 732ಐ ಕಾರಿನಲ್ಲಿ ಪೆಟ್ರೋಲ್ ಚಿಮ್ಮಿಸುವ ಕೆಲಸ, ಕಿಡಿ ಹಾರಿಸುವ ಕೆಲಸ ಎರಡನ್ನೂ ಒಂದೇ ಡಬ್ಬಿಗೆ ವಹಿಸಿತು. ಅದರ ಹೆಸರು ಮೋಟ್ರಾನಿಕ್. ಬೆಂಗಳೂರಿನವರಿಗೆ ಈ ಕಂಪನಿ ಪರಕೀಯವೇನಲ್ಲ. ಆಡುಗೋಡಿಯಲ್ಲಿ ಬೆಳೆದ ಮೈಕೋ, 1951ರಲ್ಲಿ ಹುಟ್ಟಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡದ್ದು, ಅದರದೇ ಬಳಗ. ನಮ್ಮ ಎಷ್ಟು ಮನೆಗಳಲ್ಲಿ ‘ಹುಡುಗ ಮೈಕೋದಲ್ಲಿದಾನೆ’ ಎಂಬ ಒಂದು ಮಾತಿಗೆ ಮದುವೆ ಕುದುರಿಲ್ಲ! ಈಗ ಇದೇ ಊರಿನ ಎಸಿ ಕಟ್ಟಡಗಳಲ್ಲಿ ಕೂತು ಇಂಥ ಡಬ್ಬಿಗಳಿಗೆ ಸಾಫ್ಟ್‌ವೇರ್ ಬರೆಯುವ ಹುಡುಗ ಹುಡುಗಿಯರು ಬೇಕಾದಷ್ಟಿದ್ದಾರೆ. ಅಲ್ಲಿಂದ ನಾಲ್ಕಾರು ಮೈಲಿ ದೂರದ ಶಿವಾಜಿನಗರದ ಗುಜರಿಯಲ್ಲಿ ಅದೇ ಡಬ್ಬಿಗಳು ತಳ್ಳುಗಾಡಿಯಲ್ಲಿ ರಾಶಿ ಬಿದ್ದಿರುತ್ತವೆ. ಬರೆಯುವವರಿಗೂ ಬಿಚ್ಚುವವರಿಗೂ ಪರಸ್ಪರ ಪರಿಚಯವಿಲ್ಲ, ಅಷ್ಟೆ.

ಡಬ್ಬಿಯ ಪರವಾಗಿ ಒಂದು ಮಾತು ಹೇಳಬೇಕು. ಅದು ಹಳೇ ಕಾಲದ ಶಾನುಭೋಗರಿದ್ದ ಹಾಗೆ. ಶಾನುಭೋಗರು ಗದ್ದೆಗೆ ಇಳಿದವರಲ್ಲ. ಜಗುಲಿಯ ಮೇಲೆ ಕೂತು, ತಳವಾರ ತಂದ ಸುದ್ದಿಯನ್ನು ನಂಬಿ ಖಾತೆಯಲ್ಲಿ ಬರೆದವರು. ತಳವಾರ ಸುಳ್ಳು ಹೇಳಿದರೆ ಖಾತೆಯೂ ಸುಳ್ಳು. ಇಲ್ಲಿ ತಳವಾರಿಕೆ ಸೆನ್ಸರುಗಳದು. ಡಬ್ಬಿ ಅವಕ್ಕೆ ಐದು ವೋಲ್ಟ್ ಕೊಟ್ಟು ಕಳಿಸುತ್ತದೆ, ಅವು ಅದರಲ್ಲಿ ಇಷ್ಟು ಉಳಿಯಿತು ಎಂದು ವಾಪಸು ತಂದೊಪ್ಪಿಸುತ್ತವೆ. ಆಕ್ಸಿಲರೇಟರ್ ಬಿಟ್ಟಾಗ ಥ್ರಾಟಲ್ ಸೆನ್ಸರಿನಿಂದ ಅರ್ಧ ವೋಲ್ಟಿನ ಆಸುಪಾಸು ಬಂದರೆ, ಪೂರ್ತಿ ತುಳಿದಾಗ ನಾಲ್ಕೂವರೆಯ ಹತ್ತಿರ ಬರುತ್ತದೆ. ಇಂಜಿನ್ನಿನ ನೀರಿನ ಬಿಸಿ ಹೇಳುವ ಸೆನ್ಸರ್ ಬಿಸಿ ಏರಿದಷ್ಟೂ ತನ್ನ ರೆಸಿಸ್ಟೆನ್ಸ್ ಇಳಿಸುತ್ತದೆ: 20 ಡಿಗ್ರಿಯಲ್ಲಿ ಎರಡು ಮೂರು ಸಾವಿರ ಓಮ್ ಇದ್ದದ್ದು 80 ಡಿಗ್ರಿಗೆ ಮುನ್ನೂರರ ಸುತ್ತ ಬಂದು ನಿಲ್ಲುತ್ತದೆ. ಆ ಸೆನ್ಸರಿನ ವೈರು ತುಂಡಾಯಿತೆನ್ನಿ, ರೆಸಿಸ್ಟೆನ್ಸ್‌ಗೆ ಮಿತಿಯೇ ಇಲ್ಲದಾಗಿ ಎಷ್ಟೋ ಗಾಡಿಗಳಲ್ಲಿ ಸ್ಕ್ಯಾನರಿನ ಪರದೆ ಮೈನಸ್ 40 ಡಿಗ್ರಿ ತೋರಿಸುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ! ಇದು ಸುಳ್ಳೇ ಸುಳ್ಳು ಎಂದು ತಿಳಿದು ಚೆಕ್ ಲೈಟ್ ಹಾಕಿ ದೂರು ಕೊಡುವಷ್ಟು ಬುದ್ಧಿ ಡಬ್ಬಿಗಿದೆ. ಆದರೆ ಕಪ್ಲರಿಗೆ ಕಿಲುಬು ಹಿಡಿದು ರೆಸಿಸ್ಟೆನ್ಸ್ ಸ್ವಲ್ಪವೇ ಹೆಚ್ಚಾದರೆ, ಅದು ನಂಬುವಂಥ ಸುಳ್ಳು. ಇಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಡಬ್ಬಿ ಧಾರಾಳವಾಗಿ ಪೆಟ್ರೋಲ್ ಸುರಿಯುತ್ತದೆ. ಸೈಲೆನ್ಸರಿನಲ್ಲಿ ಕರೀ ಹೊಗೆ, ಮೈಲೇಜು ನೆಲಕ್ಕೆ. ತಳವಾರನ ತಪ್ಪಿಗೆ ತಲೆದಂಡ ಮಾತ್ರ ಶಾನುಭೋಗರದು.

ನಮ್ಮ ಬೀದಿಯ ನಿವೃತ್ತ ಹೆಡ್‌ಮಾಸ್ತರರ ಕಾರಿಗೆ ಇದೇ ಗತಿ ಬಂದಿತ್ತು. ಹಗಲು ಸರಿಯಾಗಿ ಓಡುವ ಗಾಡಿ ರಾತ್ರಿ ಹೆಡ್‌ಲೈಟ್ ಹಾಕಿದೊಡನೆ ನಡುಗುತ್ತಿತ್ತು. ರೇಡಿಯೇಟರ್ ಫ್ಯಾನ್ ತಿರುಗಿದಾಗ ಇನ್ನೂ ಜೋರು. ಒಂದು ಗ್ಯಾರೇಜಿನವರು ಸ್ಕ್ಯಾನರ್ ಹಾಕಿ, ಸಂಬಂಧವೇ ಇಲ್ಲದ ನಾಲ್ಕಾರು ಸೆನ್ಸರುಗಳ ಮೇಲೆ ದೂರು ಇರುವುದನ್ನು ಕಂಡು, ‘ಇಷ್ಟೆಲ್ಲ ಒಟ್ಟಿಗೆ ಹಾಳಾಗೋಕಾಗುತ್ತಾ ಸಾರ್, ಕಂಪ್ಯೂಟರೇ ಹೋಗಿದೆ’ ಎಂದರು. ಆ ಮಾತಿನ ಮೊದಲರ್ಧ ಬಂಗಾರದಂಥ ತರ್ಕ. ಅಷ್ಟೂ ಒಟ್ಟಿಗೆ ಹಾಳಾಗುವುದಿಲ್ಲ ನಿಜ, ಅಂದರೆ ಅಷ್ಟಕ್ಕೂ ಸೇರಿದ ಯಾವುದೋ ಒಂದು ಕೆಟ್ಟಿರಬೇಕು. ಎಲ್ಲಕ್ಕೂ ಸೇರಿದ್ದು ಡಬ್ಬಿ ಮಾತ್ರವೇ? ಫ್ಯೂಸು, ಮೇನ್ ರಿಲೇ, ಆ ಐದು ವೋಲ್ಟಿನ ತಂತಿ, ಅರ್ತು, ಇವೂ ಎಲ್ಲಕ್ಕೂ ಸೇರಿದವೇ.

ಮಾಸ್ತರರು ಲೆಕ್ಕದ ಮಾಸ್ತರರು. ಹೆಜ್ಜೆ ತೋರಿಸದ ಉತ್ತರಕ್ಕೆ ಅಂಕ ಕೊಟ್ಟವರಲ್ಲ. ಗಾಡಿ ವಾಪಸು ತಂದು ಹಳೇ ಮೇಸ್ತ್ರಿ ಭಾಯಿಯನ್ನು ಕರೆಸಿದರು. ಭಾಯಿ ಸ್ಕ್ಯಾನರ್ ತೆಗೆಯಲೇ ಇಲ್ಲ. ಮಲ್ಟಿಮೀಟರಿನ ಕೆಂಪು ಕಡ್ಡಿಯನ್ನು ಇಂಜಿನ್ನಿನ ಮೈಗೆ ಒತ್ತಿ, ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ ತಲೆಗೆ ಹಿಡಿದು, ‘ಸೆಲ್ಫ್ ಹೊಡೀರಿ ಸಾರ್’ ಎಂದರು. ಗಟ್ಟಿ ಅರ್ತು ಇದ್ದರೆ ಆ ಎರಡು ಜಾಗಗಳ ನಡುವೆ ವೋಲ್ಟೇಜ್ ಇರಲೇಬಾರದು. ಇದ್ದರೂ ದಶಾಂಶ ಒಂದೋ ಎರಡೋ. ಮೀಟರ್ ಅರ್ಧ ವೋಲ್ಟ್ ದಾಟಿತು. ‘ಓಮ್‌ನಲ್ಲಿ ನೋಡಿದ್ರು ಸಾರ್, ಸರಿಯಾಗೇ ಇತ್ತಂತೆ’ ಎಂದು ಮಾಸ್ತರರ ಮಗ ಆಕ್ಷೇಪ ಎತ್ತಿದ. ‘ಹತ್ತು ಎಳೆ ಹರಿದು ಒಂದೆಳೆ ಉಳಿದಿದ್ರೂ ಓಮ್ ಸರಿಯಾಗೇ ತೋರ್ಸತ್ತೆ ಮರಿ. ಭಾರ ಹಾಕಿ ನೋಡ್ಬೇಕು’ ಎಂದರು ಭಾಯಿ. ಗೇರ್‌ಬಾಕ್ಸಿಗೆ ಬಂದು ಸೇರುವ ಅರ್ತಿಂಗ್ ಪಟ್ಟಿಯ ಬೋಲ್ಟ್ ಬಿಚ್ಚಿದರೆ, ತಾಮ್ರದ ಹೆಣಿಗೆ ಹಸಿರು ಪುಡಿಯಾಗಿ ಉದುರಿತು. ಹೊಸ ಪಟ್ಟಿ ಹಾಕಿ, ಬೋಲ್ಟ್ ಕೂರುವ ಜಾಗ ಉಜ್ಜಿ ಬಿಗಿದ ಮೇಲೆ ಹೆಡ್‌ಲೈಟಿಗೂ ನಡುಕಕ್ಕೂ ಸಂಬಂಧ ತಪ್ಪಿತು. ಅರ್ತು ಅರ್ಧ ವೋಲ್ಟ್ ಮೇಲೆದ್ದು ಕೂತರೆ ಡಬ್ಬಿಗೆ ಬರುವ ಎಲ್ಲ ಅಳತೆಗಳ ಬುಡವೇ ಅಲುಗಾಡುತ್ತದೆ. ದೂರುಗಳು ಒಟ್ಟೊಟ್ಟಿಗೆ ಬಂದದ್ದು ಅದಕ್ಕೇ.

ಅರ್ತಿನ ಮಾತು ಬಂದಾಗ ಇಲಿಯ ಮಾತು ಬಿಡಲಾಗದು. ವಿನಾಯಕನ ವಾಹನಕ್ಕೂ ನಮ್ಮ ವಾಹನಕ್ಕೂ ಅದೇನು ಹಗೆಯೋ, ವಾರ ನಿಂತ ಕಾರಿನ ಬಾನೆಟ್ಟಿನೊಳಗೆ ಇಲಿ ಸಂಸಾರ ಹೂಡಿರುತ್ತದೆ. ಮೇಯುವುದಕ್ಕೆ ಅದಕ್ಕೆ ವೈರೇ ಬೇಕು. ಹೊಗೆಸೊಪ್ಪು ಕಟ್ಟುವವರಿದ್ದಾರೆ, ನುಸಿಗುಳಿಗೆ ಇಡುವವರಿದ್ದಾರೆ. ಇಲಿಯಾದ ಮೇಲೆ ನೀರು. ಆಯುಧಪೂಜೆಯ ಮುನ್ನಾದಿನ ಬಾನೆಟ್ ತೆಗೆಸಿ, ವಾಟರ್ ಸರ್ವೀಸಿನ ಪೈಪು ಹಿಡಿಸಿ, ಇಂಜಿನ್ನಿನ ಮೂಲೆಮೂಲೆಗೂ ನೀರು ಹೊಡೆಸುತ್ತೇವೆ. ಆಮೇಲೆ ಬೂದುಗುಂಬಳ ಒಡೆದು, ಚಕ್ರದಡಿ ನಿಂಬೆಹಣ್ಣಿಟ್ಟು ಸೆಲ್ಫ್ ಹೊಡೆದರೆ ಗಾಡಿ ಏಳುವುದಿಲ್ಲ. ವಿಜಯದಶಮಿಯ ದಿನ ಮುಚ್ಚಿದ ಗ್ಯಾರೇಜುಗಳು ತೆರೆಯುವವರೆಗೆ ಕಾದು ಕೂತ ಎಷ್ಟೋ ಗಾಡಿಗಳು, ಅಷ್ಟರೊಳಗೆ ಕಪ್ಲರುಗಳು ತಾವೇ ಒಣಗಿ, ಮೆಕ್ಯಾನಿಕ್ ಮುಟ್ಟುವ ಮೊದಲೇ ಸ್ಟಾರ್ಟ್ ಆಗುವುದುಂಟು. ಆ ಪುಣ್ಯ ನಿಂಬೆಹಣ್ಣಿನ ಖಾತೆಗೆ ಜಮೆಯಾಗುತ್ತದೆ.

ಹಾಗಾದರೆ ಡಬ್ಬಿಯ ಮೇಲೆ ಅನುಮಾನ ಬಂದಾಗ ಎಲ್ಲಿಂದ ಶುರುಮಾಡಬೇಕು? ಬಲ್ಲವರು ಮೊದಲು ಕೀ ತಿರುಗಿಸಿ ಸುಮ್ಮನೆ ನೋಡುತ್ತಾರೆ. ಚೆಕ್ ಲೈಟ್ ಹತ್ತಿತೇ? ಹಿಂದಿನ ಸೀಟಿನಡಿ ಪೆಟ್ರೋಲ್ ಪಂಪ್ ಎರಡು ಮೂರು ಸೆಕೆಂಡು ಗುಂಯ್‌ಗುಟ್ಟಿತೇ? ಎರಡೂ ಆದರೆ ಡಬ್ಬಿಗೆ ಜೀವವಿದೆ. ಎರಡೂ ಇಲ್ಲದಿದ್ದರೆ ಡಬ್ಬಿಗೆ ಊಟ ಹೋಗುತ್ತಿದೆಯೇ ನೋಡಬೇಕು: ಫ್ಯೂಸು, ರಿಲೇ, ಅರ್ತು. ಊಟ ಸರಿಯಿದ್ದೂ ಅದು ಏಳದಿದ್ದರೆ ಇನ್ನೊಂದು ಪರೀಕ್ಷೆ ಬಾಕಿ ಇದೆ, ಅದನ್ನು ನೋಡುವುದೇ ಚಂದ. ಯಾವುದೋ ಒಂದು ಸೆನ್ಸರ್ ಒಳಗೇ ಶಾರ್ಟ್ ಆಗಿ ಆ ಐದು ವೋಲ್ಟನ್ನು ಪೂರ್ತಿ ನೆಲಕ್ಕೆಳೆದಿದ್ದರೆ, ಡಬ್ಬಿ ಸತ್ತಂತೆಯೇ ಕಾಣುತ್ತದೆ. ಕೀ ಆನ್ ಇಟ್ಟು ಸೆನ್ಸರುಗಳ ಕಪ್ಲರನ್ನು ಒಂದೊಂದಾಗಿ ಕೀಳುತ್ತಾ ಹೋದರೆ, ಯಾವುದೋ ಒಂದನ್ನು ಕಿತ್ತ ಕ್ಷಣ ಚೆಕ್ ಲೈಟ್ ಪಕ್ಕನೆ ಹತ್ತುತ್ತದೆ. ಹಿಡಿದ ಕೈಯಲ್ಲೇ ಕಳ್ಳ.

ಬಿಸಿಯಾದಾಗ ನಿಂತು, ಶಿರಾಡಿ ಘಾಟಿಯಲ್ಲಿ ಒಂದು ಟೀ ಕುಡಿದು ಬರುವಷ್ಟರಲ್ಲಿ ಏನೂ ಆಗಿಲ್ಲವೆಂಬಂತೆ ಹೊರಡುವ ಗಾಡಿಯಿದ್ದರೆ, ಡಬ್ಬಿಗಿಂತ ಮೊದಲು ಕ್ರ್ಯಾಂಕ್ ಸೆನ್ಸರನ್ನು ವಿಚಾರಿಸಬೇಕು. ಅದರೊಳಗಿನ ಕೂದಲೆಳೆಯಂಥ ಸುರುಳಿ ಬಿಸಿಗೆ ಬಿಟ್ಟುಕೊಂಡು ತಣ್ಣಗಾದಾಗ ಮತ್ತೆ ಕೂಡುತ್ತದೆ. ಅಂಥದ್ದನ್ನು ಹಿಡಿಯಲು ನಮ್ಮ ಭಾಯಿ ಹೆಂಡತಿಯ ಹೇರ್ ಡ್ರೈಯರ್ ತಂದು ಸೆನ್ಸರಿಗೆ ಬಿಸಿಗಾಳಿ ಹಿಡಿಯುತ್ತಾರೆ. ಮನೆಗೆ ವಾಪಸು ಹೋದಾಗ ಅವರ ವಿಚಾರಣೆ ಬೇರೆ ನಡೆಯುತ್ತದಂತೆ.

ದೂರಿನ ಸಂಖ್ಯೆಗಳೂ ಅಷ್ಟೆ, ಅವು ತೀರ್ಪಲ್ಲ. ಅಮೆರಿಕದಲ್ಲಿ 1996ರ ಮಾಡೆಲ್‌ನಿಂದ ಎಲ್ಲ ಕಾರುಗಳಿಗೂ ಒಂದೇ ಬಗೆಯ, 16 ಪಿನ್ನಿನ ಸಾಕೆಟ್ ಕಡ್ಡಾಯವಾಯಿತು. ನಮ್ಮ ಹಳೇ ಗಾಡಿಗಳಲ್ಲಿ ಕಂಪನಿಗೊಂದು ಬಗೆ. ಹಳೆಯ ಸುಜುಕಿ ಇಂಜಿನ್ನುಗಳಲ್ಲಿ ಎರಡು ಪಿನ್ನಿಗೆ ವೈರಿನ ತುಂಡು ಸಿಕ್ಕಿಸಿದರೆ ಚೆಕ್ ಲೈಟೇ ಮಿಣುಕಿ ಲೆಕ್ಕ ಒಪ್ಪಿಸುತ್ತಿತ್ತು: ಒಂದು ಮಿಣುಕು, ಕೊಂಚ ಬಿಡುವು, ಎರಡು ಮಿಣುಕು. ಹನ್ನೆರಡು ಅಂದರೆ ಎಲ್ಲ ಕ್ಷೇಮ. ಈಗಿನ ಪಟ್ಟಿಯಲ್ಲಿ ಪಿ0335 ಎಂದರೆ ಕ್ರ್ಯಾಂಕ್ ಸೆನ್ಸರಿನ ದಾರಿಯಲ್ಲಿ ತೊಂದರೆ ಎಂದೇ ಹೊರತು, ಸೆನ್ಸರ್ ಬದಲಾಯಿಸಿ ಎಂದಲ್ಲ. ಡಬ್ಬಿ ತನ್ನ ಮೇಲೆಯೇ ದೂರು ಬರೆದುಕೊಳ್ಳುವುದೂ ಉಂಟು: ಪಿ0601 ಎಂದರೆ ನೆನಪಿನ ಲೆಕ್ಕ ತಾಳೆಯಾಗುತ್ತಿಲ್ಲ, ಪಿ0606 ಎಂದರೆ ಪ್ರೊಸೆಸರಿನಲ್ಲೇ ದೋಷ. ಅಂಥ ತಪ್ಪೊಪ್ಪಿಗೆ ಬಂದರೂ ಕರೆಂಟು, ಅರ್ತು ಒಮ್ಮೆ ನೋಡುವುದು ಮೇಲು.

ಡಬ್ಬಿ ನಿಜವಾಗಿಯೂ ಕೆಡುವುದಿಲ್ಲವೇ? ಖಂಡಿತ ಕೆಡುತ್ತದೆ. ಬ್ಯಾಟರಿ ತಿರುಗಾಮುರುಗಾ ಜಂಪ್ ಕೊಟ್ಟರೆ ಕೆಡುತ್ತದೆ. ಬ್ಯಾಟರಿ ವೈರು ಬಿಚ್ಚದೆ ಬಾಡಿಗೆ ವೆಲ್ಡಿಂಗ್ ಹೊಡೆದರೆ ಕೆಡಬಹುದು. ವಯಸ್ಸಾದರೆ ಒಳಗಿನ ಕೆಪಾಸಿಟರ್ ಸೋರುತ್ತದೆ. ತೊಂಬತ್ತರ ದಶಕದ ಮೊದಲ ವರ್ಷಗಳ ಮಿತ್ಸುಬಿಷಿ ಎಕ್ಲಿಪ್ಸ್ ಕಾರುಗಳ ಡಬ್ಬಿಗಳು ಇದಕ್ಕೆ ಜಗತ್ತಿನಾದ್ಯಂತ ಹೆಸರುವಾಸಿ. ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯೊಂದರಲ್ಲಿ, ಬರೀ ಇಂಥ ಡಬ್ಬಿಗಳನ್ನೇ ರಿಪೇರಿ ಮಾಡುವ ಅಂಗಡಿಯಲ್ಲಿ, ಒಂದನ್ನು ಬಿಚ್ಚುವುದನ್ನು ನೋಡಿದ್ದೇನೆ. ನಾಲ್ಕು ಸ್ಕ್ರೂ ತೆಗೆದರೆ ಹಸಿರು ಬೋರ್ಡು, ಮೇಲೆ ವಾರ್ನಿಷ್ ಬಳಿದಂಥ ಹೊಳಪು. ಬೋರಲು ಹಾಕಿದ ಬೆರಳುಟೋಪಿಯಷ್ಟು ದೊಡ್ಡ ಕೆಪಾಸಿಟರ್ ಒಂದರ ಬುಡದಲ್ಲಿ ಆ ಹೊಳಪು ಮಾಸಿ ಒದ್ದೆ ಕಲೆ. ಕೆಳಗಿನ ತಾಮ್ರದ ಗೆರೆ ಕಪ್ಪಾಗಿ ನಡುವೆ ಕಡಿದುಹೋಗಿತ್ತು. ಅಂಗಡಿಯ ಹುಡುಗ ಬೋರ್ಡನ್ನು ಮೂಗಿನ ಹತ್ತಿರ ತಂದ. ಸೋರಿದ ಕೆಪಾಸಿಟರಿಗೆ ಮೀನಿನ ವಾಸನೆ ಬರುತ್ತದೆ. ಹುಡುಗ ಮಲ್ಪೆಯ ಕಡೆಯವನು. ‘ಬಂಗುಡೆ’ ಎಂದು ಘೋಷಿಸಿಯೇಬಿಟ್ಟ. ಗಿರಾಕಿ ಶ್ರೀರಂಗಪಟ್ಟಣದ ಅಯ್ಯಂಗಾರ್ಯರು; ಸಾಕ್ಷ್ಯ ಪರಿಶೀಲಿಸಲು ಒಪ್ಪದೆ ತೀರ್ಪನ್ನು ಹಾಗೇ ಅಂಗೀಕರಿಸಿದರು.

ಗುಜರಿಯಿಂದ ಇನ್ನೊಂದು ಡಬ್ಬಿ ತಂದು ಹಾಕಿ ನೋಡೋಣ ಎನ್ನುವವರಿದ್ದಾರೆ. ಅದರಲ್ಲಿ ಎರಡು ಗಂಡಾಂತರ. ಇಮ್ಮೊಬಿಲೈಸರ್ ಇರುವ ಗಾಡಿಯಲ್ಲಿ ಕೀಗೂ ಡಬ್ಬಿಗೂ ಗುಟ್ಟಿನ ಒಪ್ಪಂದವಿರುತ್ತದೆ. ಹೊಸಬ ಬಂದರೆ ಕೀ ಗುರುತು ಸಿಗದೆ ಇಂಜಿನ್ ಏಳುವುದೇ ಇಲ್ಲ, ಆಗ ಒಳ್ಳೆಯ ಡಬ್ಬಿಗೂ ಕೆಟ್ಟ ಹೆಸರು. ಎರಡನೆಯದು, ಇಗ್ನಿಷನ್ ಕಾಯಿಲೋ ಐಡ್ಲಿಂಗ್ ವಾಲ್ವೋ ಶಾರ್ಟ್ ಆಗಿ ಮೊದಲ ಡಬ್ಬಿಯ ಟ್ರಾನ್ಸಿಸ್ಟರ್ ಸುಟ್ಟಿದ್ದರೆ, ಆ ಕಾಯಿಲ್ ಬದಲಾಯಿಸದೆ ತಂದ ಎರಡನೆಯದನ್ನೂ ಅದು ಅದೇ ದಾರಿಯಲ್ಲಿ ಕಳಿಸುತ್ತದೆ. ಆಗ ಮೆಕ್ಯಾನಿಕ್, ‘ಸೆಕೆಂಡ್ ಹ್ಯಾಂಡ್ ಮಾಲು ಸಾರ್, ಗ್ಯಾರಂಟಿ ಇರಲ್ಲ’ ಎನ್ನುತ್ತಾನೆ.

ಮೆಕ್ಯಾನಿಕ್‌ಗಳನ್ನು ಬೈಯುವುದು ನನ್ನ ಉದ್ದೇಶವಲ್ಲ. ಅರ್ಧ ದಿನ ಮೀಟರ್ ಹಿಡಿದು ಹುಡುಕಿದ್ದಕ್ಕೆ ಕೂಲಿ ಕೇಳಿದರೆ ನಾವು ಕೊಡುವುದಿಲ್ಲ. ‘ಏನು ಹಾಕಿದಿರಿ?’ ಎಂದು ಕೇಳುತ್ತೇವೆ. ಏನೂ ಹಾಕದೆ ಬರೀ ಹುಡುಕಿದ್ದಕ್ಕೆ ಬಿಲ್ಲು ಬರೆಯುವ ಪದ್ಧತಿ ನಮ್ಮಲ್ಲಿಲ್ಲ. ಹಾಕಿದ್ದಕ್ಕೆ ಮಾತ್ರ ಕಾಸು ಸಿಗುವ ಊರಿನಲ್ಲಿ ಎಲ್ಲರೂ ಏನಾದರೊಂದು ಹಾಕುತ್ತಾರೆ. ಎಲ್ಲಕ್ಕಿಂತ ದುಬಾರಿಯಾದ್ದನ್ನು ಹಾಕುವುದರಲ್ಲಿ ಆಶ್ಚರ್ಯವೇನಿದೆ? ಆದ್ದರಿಂದ ಕಂಪ್ಯೂಟರ್ ಹೋಗಿದೆ ಎಂದು ಯಾರಾದರೂ ಅಂದರೆ, ಹುಡುಕಾಟದ ಕೂಲಿ ಬೇರೆ ಕೊಡುತ್ತೇನೆಂದು ಮೊದಲೇ ಹೇಳಿ, ಆಮೇಲೆ ವಿನಯವಾಗಿ ಕೇಳಿ: ಯಾವ ಪಿನ್ನಿನಲ್ಲಿ ಎಷ್ಟು ವೋಲ್ಟ್ ಬರಬೇಕಿತ್ತು, ಎಷ್ಟು ಬಂತು? ಉತ್ತರದಲ್ಲಿ ಒಂದು ಅಂಕಿಯಾದರೂ ಇದ್ದರೆ ಗಾಡಿಯನ್ನು ನಿಶ್ಚಿಂತೆಯಿಂದ ಬಿಟ್ಟುಬನ್ನಿ. ‘ಎಲ್ಲ ಅನುಭವ ಸಾರ್’ ಎಂದರೆ, ಆ ಅನುಭವ ಮುಂದುವರಿಯುವುದು ನಿಮ್ಮ ಖರ್ಚಿನಲ್ಲಿ. ಕೀ ಇಸಿದುಕೊಂಡು ಬನ್ನಿ.