ಕೂಟದ ಕ್ಯಾಸೆಟ್ಟುಗಳು ಮತ್ತು ಒಂದು ತಪ್ಪೊಪ್ಪಿಗೆ

ಪತ್ತನಾಜೆ ಕಳೆದು ಮಳೆ ಹಿಡಿಯಿತೆಂದರೆ ಕಪಾಟಿನೊಳಗಿನ ಹಳೆಯ ಕ್ಯಾಸೆಟ್ಟುಗಳನ್ನು ಹೊರತೆಗೆದು, ಬೂಸಲು ಒರಸಿ, ಒಂದೊಂದನ್ನಾಗಿ ಸುತ್ತಿಸಿ ಮತ್ತೆ ಒಳಗಿಡುವುದು ನನಗೊಂದು ವಾರ್ಷಿಕ ವಿಧಿ. ನಮ್ಮೂರಿನ ಮಳೆಗಾಲ ಅಡಕೆಗೆ ಕೊಳೆರೋಗ ತರುವಂತೆಯೇ ಧ್ವನಿಸುರುಳಿಗೂ ಬಿಳಿಯ ಬೂಸಲನ್ನು ತರುತ್ತದೆ. ಈ ಸಲ ಆ ಕೆಲಸಕ್ಕೆ ಅನಿರೀಕ್ಷಿತವಾಗಿ ಜತೆಗಾರನೊಬ್ಬ ಒದಗಿದ. ಎಂಬತ್ತರ ದಶಕದಲ್ಲಿ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು ಕಿಟಕಿಯ ಹೊರಗೆ ನೋಡುತ್ತಿದ್ದವನು, ಈಗ ಕ್ಯಾಲಿಫೋರ್ನಿಯಾದಲ್ಲಿ ನೆಲಸಿದ್ದಾನೆ. ಊರಿಗೆ ಬಂದವನು ಗುರುತು ಇಟ್ಟುಕೊಂಡು ನೋಡಿ ಹೋಗಲು ಬಂದಿದ್ದ.

ಜಗಲಿಯಲ್ಲಿ ಹರಡಿದ್ದ ಡಬ್ಬಿಗಳನ್ನು ಅವನು ಒಂದೊಂದಾಗಿ ಎತ್ತಿ ಓದಿದ. ಪ್ರತಿಯೊಂದರ ಬೆನ್ನಿನಲ್ಲಿಯೂ ನನ್ನ ಅಕ್ಷರದಲ್ಲಿ ತಾರೀಕು, ಊರು, ಪ್ರಸಂಗ, ಹಿಮ್ಮೇಳ, ಮುಮ್ಮೇಳ ಎಂದು ಬರೆದಿರುತ್ತದೆ. ‘ಕೃಷ್ಣಸಂಧಾನ’ ಎಂಬ ಒಂದೇ ಹೆಸರು ಹನ್ನೊಂದು ಡಬ್ಬಿಗಳ ಮೇಲಿತ್ತು. “ಮಾಸ್ಟ್ರೇ, ನೀವು ಡೆಡ್‌ಹೆಡ್ ಆಗಬೇಕಿತ್ತು” ಎಂದು ನಕ್ಕ. ಆ ಮಾತಿನ ಅರ್ಥ ತಿಳಿಯದೆ ನಾನು ಗಾಬರಿಯಾದದ್ದು ಹೌದು. ಆಮೇಲೆ ಅವನು ವಿವರಿಸಿದ.

ಅಮೆರಿಕದಲ್ಲಿ ‘ಗ್ರೇಟ್‌ಫುಲ್ ಡೆಡ್’ ಎಂಬ ರಾಕ್ ಸಂಗೀತದ ತಂಡವೊಂದಿತ್ತಂತೆ. 1965ರಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಹುಟ್ಟಿದ ಆ ಮೇಳ, ಮುಖ್ಯ ಗಿಟಾರು ವಾದಕ ಜೆರ್ರಿ ಗಾರ್ಸಿಯಾ 1995ರಲ್ಲಿ ತೀರಿಕೊಳ್ಳುವವರೆಗೆ ಎರಡು ಸಾವಿರಕ್ಕೂ ಹೆಚ್ಚು ಕಛೇರಿಗಳನ್ನು ಕೊಟ್ಟಿತು. ಒಂದು ದಿನದ ಕಛೇರಿಯಂತೆ ಇನ್ನೊಂದು ದಿನದ್ದು ಇರುತ್ತಿರಲಿಲ್ಲ. ‘ಡಾರ್ಕ್ ಸ್ಟಾರ್’ ಎಂಬ ಹಾಡು 1968ರ ತಟ್ಟೆಯಲ್ಲಿ ಮೂರು ನಿಮಿಷವೂ ಇಲ್ಲ. ಮರುವರ್ಷ ಹೊರಬಂದ ‘ಲೈವ್/ಡೆಡ್’ ಎಂಬ ಕಛೇರಿಯ ಧ್ವನಿಮುದ್ರಣದಲ್ಲಿ ಅದೇ ಹಾಡು ಇಪ್ಪತ್ತಮೂರು ನಿಮಿಷ ಬೆಳೆದು ತಟ್ಟೆಯ ಒಂದು ಮಗ್ಗುಲನ್ನೇ ತುಂಬಿಬಿಟ್ಟಿದೆ. ಸಾಹಿತ್ಯ ಬರೆದವರಲ್ಲಿ ಮುಖ್ಯನಾದ ರಾಬರ್ಟ್ ಹಂಟರ್ ರಂಗಕ್ಕೆ ಬರುವವನಲ್ಲ. ಅವನು ಬರೆದುಕೊಟ್ಟದ್ದನ್ನು ಬೆಳೆಸುವುದು ರಂಗದಲ್ಲಿದ್ದವರ ಪಾಲಿಗೆ.

“ಹಾಗಾದರೆ ಅದು ಕೂಟವೇ ಸರಿ” ಎಂದು ನನ್ನ ಬಾಯಿಯಿಂದ ತಾನಾಗಿ ಬಂತು.

ನನ್ನ ಕಿರಿಯ ಓದುಗರಲ್ಲಿ ಕೆಲವರು ಕೂಟ ಎಂದರೇನೆಂದು ಕೇಳಬಹುದು. ಯಕ್ಷಗಾನದಲ್ಲಿ ವೇಷ ಕಟ್ಟಿ ಕುಣಿದರೆ ಆಟ. ವೇಷವೂ ಕುಣಿತವೂ ಇಲ್ಲದೆ ಕುಳಿತು ಅರ್ಥ ಹೇಳಿದರೆ ಕೂಟ, ಅಂದರೆ ತಾಳಮದ್ದಳೆ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಅದು ಪಾರ್ತಿಸುಬ್ಬನದ್ದಾಗಲಿ ಮತ್ತೊಬ್ಬರದ್ದಾಗಲಿ, ನೂರಾರು ವರ್ಷಗಳ ಹಿಂದೆ ಬರೆದಿಟ್ಟದ್ದು. ಒಂದು ಪದವೂ ಬದಲಾಗದು. ಪದ್ಯ ಮುಗಿದೊಡನೆ ಅರ್ಥಧಾರಿಯ ಸರದಿ. ಅವನ ಮುಂದೆ ಬರೆದ ಸಂಭಾಷಣೆಯಿಲ್ಲ. ನಾಲ್ಕು ಸಾಲಿನ ಪದ್ಯಕ್ಕೆ ಅವನು ಎರಡು ನಿಮಿಷವೂ ಮಾತಾಡಬಹುದು, ಅರ್ಧ ಗಂಟೆಯೂ ಮಾತಾಡಬಹುದು. ಎದುರು ಕುಳಿತವನು ಏನು ಕೇಳುತ್ತಾನೆಂಬುದು ಅವನಿಗೆ ಮೊದಲೇ ತಿಳಿದಿರುವುದಿಲ್ಲ. ಆ ದಿನದ ಮಾತು ಆ ದಿನಕ್ಕೆ. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ದೀಪಾವಳಿಯವರೆಗೆ ಪುತ್ತೂರು, ಸುಳ್ಯ, ಆಗ ಪುತ್ತೂರು ತಾಲೂಕಿಗೇ ಸೇರಿದ್ದ ಕಡಬ, ಈ ಎಲ್ಲ ಸೀಮೆಗಳ ದೇವಸ್ಥಾನಗಳಲ್ಲಿ, ಶಾಲೆಗಳಲ್ಲಿ, ಮನೆಗಳ ಚಾವಡಿಗಳಲ್ಲಿ ಕೂಟಗಳು ನಡೆಯುತ್ತಿದ್ದವು. ಹೊರಗೆ ಮಳೆ ಸುರಿಯುತ್ತಿದ್ದರೆ ಒಳಗೆ ಮದ್ದಳೆ.

ನಮ್ಮ ತಾಲೂಕುಗಳಿಗೆ ಇದರಲ್ಲಿ ದೊಡ್ಡ ಪಾಲಿದೆ. ಸುಳ್ಯ ತಾಲೂಕಿನ ಚೊಕ್ಕಾಡಿಯವರಾದ ದೇರಾಜೆ ಸೀತಾರಾಮಯ್ಯನವರು (1914–1984) ಪುರಾಣದ ಪಾತ್ರವನ್ನು ನೆರೆಮನೆಯವನಷ್ಟು ಹತ್ತಿರಕ್ಕೆ ತಂದು ಕೂರಿಸುತ್ತಿದ್ದರು. ‘ಕುರುಕ್ಷೇತ್ರಕ್ಕೊಂದು ಆಯೋಗ’ ಎಂಬ ಅವರ ಪುಸ್ತಕವನ್ನು ಓದಿದವರಿಗೆ ಆ ಮಾತಿನ ಮೊನಚು ಗೊತ್ತು. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ರಾವಣ, ವಾಲಿ, ಮಾಗಧರಂಥ ಪಾತ್ರಗಳ ಪರವಾಗಿ ವಾದ ಹೂಡಿದರೆಂದರೆ, ಕೇಳುತ್ತಿದ್ದ ನಮಗೆ ನಮ್ಮ ನ್ಯಾಯದ ಮೇಲೆಯೇ ಸಂಶಯ ಬರುತ್ತಿತ್ತು. ಕುಂಬಳೆ ಸುಂದರ ರಾಯರು (1934–2022) ಪ್ರಾಸದ ಮೇಲೆ ಪ್ರಾಸ ಪೋಣಿಸಿ ಮಾತನ್ನೇ ಹಾಡಾಗಿಸುತ್ತಿದ್ದರು. ಭಾಗವತರಲ್ಲಿ ಬಲಿಪ ನಾರಾಯಣ ಭಾಗವತರು (1938–2023), ನಮ್ಮ ಕಲ್ಮಡ್ಕದ ಪದ್ಯಾಣ ಗಣಪತಿ ಭಟ್ಟರು (1955–2021). ಇವರೆಲ್ಲ ಇಂದು ಧ್ವನಿಯಾಗಿ ಮಾತ್ರ ಇದ್ದಾರೆ. ಆ ಧ್ವನಿಯ ಒಂದಷ್ಟು ಪಾಲು ಉಳಿದದ್ದು ಮಂಗಳೂರು ಆಕಾಶವಾಣಿಯ ದೆಸೆಯಿಂದ. ಇನ್ನೊಂದಷ್ಟು, ಸಭೆಯ ಎದುರು ಸಾಲಿನಲ್ಲಿ ಟೇಪ್ ರೆಕಾರ್ಡರ್ ಮಡಿಲಲ್ಲಿಟ್ಟು ಕುಳಿತ ನಮ್ಮಂಥ ಹುಚ್ಚರ ದೆಸೆಯಿಂದ.

ಆ ಹುಚ್ಚಿನ ಬಗೆಗೆ ಎರಡು ಮಾತು. ಗಲ್ಫಿನಿಂದ ಬಂದವರು ತರುತ್ತಿದ್ದ ಟೇಪ್ ರೆಕಾರ್ಡರುಗಳು ನಮ್ಮ ಹಳ್ಳಿಗಳನ್ನು ಸೇರಿದ ಕಾಲವದು. ನನ್ನದೂ ಹಾಗೆ ಬಂದದ್ದೇ. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಮಗ್ಗುಲಿಗೆ ಮೂವತ್ತು ನಿಮಿಷ. ತೊಂಬತ್ತರದ್ದರಲ್ಲಿ ನಲವತ್ತೈದು, ಆದರೆ ಅದರ ಸುರುಳಿ ತೆಳು, ಸಿಕ್ಕಿಹಾಕಿಕೊಳ್ಳುವುದು ಜಾಸ್ತಿ. ಆದ್ದರಿಂದ ನಾನು ಅರವತ್ತರದ್ದನ್ನೇ ನಂಬಿದವನು. ಮಗ್ಗುಲು ಬದಲಿಸುವ ಗಳಿಗೆ ಬಂದಾಗ ಕರ್ಣನೋ ಭೀಷ್ಮನೋ ಎತ್ತರದ ಮಾತಿನಲ್ಲಿರುತ್ತಿದ್ದರು. ಎಷ್ಟೇ ಬೇಗ ತಿರುಗಿಸಿ ಹಾಕಿದರೂ ಎಂಟು ಹತ್ತು ಸೆಕೆಂಡು ನಷ್ಟ. ನನ್ನ ಸಂಗ್ರಹದಲ್ಲಿ ಇಂಥ ಹತ್ತು ಸೆಕೆಂಡುಗಳು ಎಷ್ಟೋ ಕಾಣೆಯಾಗಿವೆ. ಕರೆಂಟು ನಂಬುವಂತಿರಲಿಲ್ಲವಾಗಿ ಸೆಲ್ಲು ಹಾಕುತ್ತಿದ್ದೆವು. ಸೆಲ್ಲು ಸೋತಂತೆ ಯಂತ್ರ ನಿಧಾನವಾಗಿ ತಿರುಗುತ್ತದೆ; ಮನೆಯಲ್ಲಿ ಸರಿಯಾದ ವೇಗದಲ್ಲಿ ಹಾಕಿದಾಗ ಧ್ವನಿ ಮೇಲೇರುತ್ತದೆ. ಶರಶಯ್ಯೆಯ ಭೀಷ್ಮಪಿತಾಮಹರು ಕೊನೆಕೊನೆಗೆ ಮೂರನೆಯ ತರಗತಿಯ ಹುಡುಗನಂತೆ ಉಪದೇಶ ಮಾಡಿದ ಕ್ಯಾಸೆಟ್ಟೊಂದು ನನ್ನಲ್ಲಿ ಈಗಲೂ ಇದೆ. ಮನೆಮಂದಿ ನಕ್ಕು ಸಾಕಾಗಿದ್ದಾರೆ.

ಪ್ರತಿ ಮಾಡಿ ಹಂಚುವುದಕ್ಕೂ ಒಂದು ಕ್ರಮವಿತ್ತು. ಬೇಕಾದವರು ಖಾಲಿ ಕ್ಯಾಸೆಟ್ಟು ತಂದುಕೊಡಬೇಕು, ಹಣದ ಮಾತಿಲ್ಲ. ಬೆಳ್ಳಾರೆಯವರ ವಾಲಿವಧೆ ನನಗೆ, ನನ್ನ ಕರ್ಣಪರ್ವ ಅವರಿಗೆ. ಪ್ರತಿಯ ಪ್ರತಿ ಮಾಡಿದಂತೆಲ್ಲ ‘ಸುಂಯ್’ ಎಂಬ ಸದ್ದು ಹೆಚ್ಚುತ್ತಿದ್ದುದರಿಂದ ಮೂಲ ಯಾರಲ್ಲಿದೆ ಎಂಬುದನ್ನು ವಂಶಾವಳಿಯಂತೆ ನೆನಪಿಟ್ಟುಕೊಳ್ಳುತ್ತಿದ್ದೆವು. ಇದನ್ನು ಹೇಳಿದಾಗ ನನ್ನ ಶಿಷ್ಯ ಹೌಹಾರಿದ. ಗ್ರೇಟ್‌ಫುಲ್ ಡೆಡ್ ಅಭಿಮಾನಿಗಳದ್ದೂ ಇದೇ ಕ್ರಮವಂತೆ. ಹಣ ಪಡೆಯದೆ ಬದಲಿಗೆ ಬದಲಿ. ತಂಡದವರು ಅದನ್ನು ತಡೆಯಲಿಲ್ಲ. 1984ರಿಂದ ಟಿಕೇಟು ಕೊಟ್ಟು, ಧ್ವನಿಮುದ್ರಿಸುವವರಿಗೆಂದೇ ಸಭೆಯಲ್ಲಿ ಪ್ರತ್ಯೇಕ ಜಾಗವನ್ನೂ ಮಾಡಿದರು. 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ನಡೆದ ಕಛೇರಿಯ ಧ್ವನಿಸುರುಳಿ ಹೀಗೆ ಕೈಯಿಂದ ಕೈಗೆ ಹೋಗಿ ಎಷ್ಟು ಪ್ರಸಿದ್ಧವಾಯಿತೆಂದರೆ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಿಡಬೇಕಾದ ಧ್ವನಿಮುದ್ರಣಗಳ 2011ರ ಪಟ್ಟಿಯಲ್ಲಿ ಅದನ್ನು ಸೇರಿಸಿತು.

ಆ ಕಛೇರಿಯನ್ನು ಅವನು ತನ್ನ ಫೋನಿನಲ್ಲಿ ಹಾಕಿದ. ಭಾಷೆ ಬಂದರೂ ಸಾಹಿತ್ಯ ನನಗೆ ಪೂರ್ತಿ ತಿಳಿಯಲಿಲ್ಲ. ಆದರೆ ಅಲ್ಲಿ ಇಬ್ಬರು ಚರ್ಮವಾದ್ಯದವರಿದ್ದಾರೆ. ಒಬ್ಬ ನಡೆ ಹಿಡಿದರೆ ಮತ್ತೊಬ್ಬ ಅದರೊಳಗೆ ನುಗ್ಗಿ ಹೊರಡುತ್ತಾನೆ. ಚೆಂಡೆ ಮದ್ದಳೆಗಳನ್ನು ಕೇಳಿದ ಕಿವಿಗೆ ಅದು ಅಪರಿಚಿತವೆನಿಸಲಿಲ್ಲ. ಅವರಲ್ಲೊಬ್ಬನಾದ ಮಿಕಿ ಹಾರ್ಟ್ 1991ರಲ್ಲಿ ‘ಪ್ಲಾನೆಟ್ ಡ್ರಮ್’ ಎಂಬ ಧ್ವನಿಮುದ್ರಿಕೆಯಲ್ಲಿ ನಮ್ಮ ಝಾಕಿರ್ ಹುಸೇನ್ ಮತ್ತು ಘಟದ ವಿಕ್ಕು ವಿನಾಯಕರಾಮ್ ಅವರೊಂದಿಗೆ ನುಡಿಸಿದ್ದಾನೆಂದು ತಿಳಿದಾಗ ಲೋಕ ಸಣ್ಣದೆನಿಸಿತು. ನಡುವೆ ಸಭೆಯಲ್ಲಿ ಯಾರೋ ಕೂಗುವುದು, ಶಿಳ್ಳೆ, ಚಪ್ಪಾಳೆ. ನನ್ನ ಕ್ಯಾಸೆಟ್ಟುಗಳಲ್ಲಿ ಕೆಮ್ಮು, ಮಗುವಿನ ಅಳು, ಚಹಾ ಲೋಟದ ಸದ್ದು, ಹಂಚಿನ ಮೇಲೆ ಬೀಳುವ ಮಳೆ.

ಆಗ ಶಿಷ್ಯ ಕೇಳಿದ: “ಮಾಸ್ಟ್ರೇ, ಇವುಗಳಲ್ಲಿ ನಿಮಗೆ ಅತ್ಯಂತ ಪ್ರಿಯವಾದದ್ದು ಯಾವುದು?” ಇದಕ್ಕೆ ಉತ್ತರವಾಗಿ ಇಷ್ಟು ವರ್ಷ ಯಾರಲ್ಲಿಯೂ ಹೇಳದಿದ್ದ ವಿಷಯವೊಂದನ್ನು ಹೇಳಬೇಕಾಯಿತು. ನನ್ನ ಒಡಹುಟ್ಟಿದವರೂ ಈ ಬರಹವನ್ನು ಓದುತ್ತಾರೆ. ಅವರೂ ತಿಳಿಯಲಿ.

ನಮ್ಮ ತಂದೆಯವರು ಊರಿನ ಸಂಘದಲ್ಲಿ ವಾರಕ್ಕೊಮ್ಮೆ ಅರ್ಥ ಹೇಳುತ್ತಿದ್ದರು. ತೋಟದ ಕೆಲಸ ಮುಗಿಸಿ, ಮಿಂದು, ಶಾಲು ಹೊದ್ದು ಹೊರಟರೆ ಹಿಂದಿರುಗುವಾಗ ಮಧ್ಯರಾತ್ರಿ. ಅವರು ಹೆಸರಾಂತರಲ್ಲ. ಅವರಿಗೆ ಸಲ್ಲುತ್ತಿದ್ದುದು ವಿದುರ, ಸಂಜಯ, ಸುಗ್ರೀವರಂಥ ಪಾತ್ರಗಳು. ಕೃಷ್ಣಸಂಧಾನದಲ್ಲಿ ಅವರ ವಿದುರನನ್ನು ನಾನೊಮ್ಮೆ ಧ್ವನಿಮುದ್ರಿಸಿದೆ. ಹೊಸ ಯಂತ್ರವನ್ನು ಪರೀಕ್ಷಿಸುವುದಕ್ಕೆಂದು. ಅದು 1982ರ ಆಟಿ ತಿಂಗಳು. ಎರಡು ವಾರ ಕಳೆದು ಪುತ್ತೂರಿನಲ್ಲಿ ದೊಡ್ಡ ಅರ್ಥಧಾರಿಗಳು ಸೇರುವ ಕೂಟವಿತ್ತು. ಶಾಲೆ ಬಿಟ್ಟು ಓಡಿದ ನಾನು ಬಸ್ಸು ಹತ್ತಿದ ಮೇಲೆ ನೋಡುತ್ತೇನೆ, ಖಾಲಿ ಕ್ಯಾಸೆಟ್ಟುಗಳು ಮೂರೇ. ಚೀಲದಲ್ಲಿ ನಾಲ್ಕನೆಯದಾಗಿ ಇದ್ದದ್ದು ತಂದೆಯವರದ್ದು. ಕೂಟ ಕಾವೇರಿದಾಗ ಮೂರೂ ಮುಗಿದವು. ನಾಲ್ಕನೆಯದನ್ನು ಹಾಕಲು ನಾನು ಯೋಚಿಸಿದೆನೆಂದು ಹೇಳಿದರೆ ಸುಳ್ಳಾಗುತ್ತದೆ. ತಂದೆಯವರು ಮುಂದಿನ ವಾರವೂ ಅರ್ಥ ಹೇಳುತ್ತಾರೆ, ಇಂಥ ಕೂಟ ಮತ್ತೆಲ್ಲಿ ಎಂಬುದು ಆಗ ನನಗೆ ಸ್ವತಃಸಿದ್ಧವಾಗಿತ್ತು. ಗುಂಡಿ ಒತ್ತಿದೆ.

ಆ ಕೂಟದಲ್ಲಿ ಯಾರಿದ್ದರೆಂದು ಇಲ್ಲಿ ಬರೆಯುವುದಿಲ್ಲ. ಅವರ ಮಾತು ಅದ್ಭುತವಾಗಿತ್ತು, ತಪ್ಪು ನನ್ನೊಬ್ಬನದೇ.

ಮರುದಿನ ತಂದೆಯವರು ಜಗಲಿಯಲ್ಲಿ ಕುಳಿತು ನಾಲ್ಕೂ ಕ್ಯಾಸೆಟ್ಟುಗಳನ್ನು ಕೇಳಿದರು. ನಾಲ್ಕನೆಯದರ ಎರಡನೆಯ ಮಗ್ಗುಲಿನ ಕೊನೆಯಲ್ಲಿ ಸೆಲ್ಲು ಸೋತು, ಆ ಮಹನೀಯರ ಧ್ವನಿ ಮೇಲೇರಿ, ಫಕ್ಕನೆ ನಿಂತು, ತಂದೆಯವರದೇ ಧ್ವನಿ ಕೇಳಿಸಿತು. ಅವರಿಗೆ ವಿಷಯ ತಿಳಿಯಿತು. ನನ್ನ ಮುಖ ನೋಡದೆ, “ಒಳ್ಳೆಯ ಕೂಟವನ್ನೇ ಹಿಡಿದಿದ್ದಿ. ನಮ್ಮದು ಬರುವ ವಾರವೂ ಇದೆಯಲ್ಲ” ಎಂದರು. ಬರುವ ವಾರಗಳು ಮತ್ತೆ ಮೂರು ವರ್ಷ ಬಂದವು. 1985ರಲ್ಲಿ ಅವರು ತೀರಿಕೊಂಡರು. ಅಷ್ಟು ವಾರಗಳಲ್ಲಿ ಒಂದು ದಿನವೂ ನಾನು ಆ ಯಂತ್ರವನ್ನು ಊರಿನ ಸಂಘಕ್ಕೆ ಒಯ್ಯಲಿಲ್ಲ. ಅಳಿಸಿದ್ದು ಒಂದು ಗಳಿಗೆಯ ತಪ್ಪು. ಮೂರು ವರ್ಷ ಒಯ್ಯದಿದ್ದುದಕ್ಕೆ ನನ್ನಲ್ಲಿ ಹೆಸರಿಲ್ಲ.

ಶಿಷ್ಯ ಕ್ಯಾಸೆಟ್ಟನ್ನು ಪುತ್ತೂರಿನ ಹೋಟೆಲಿಗೆ ಒಯ್ದು, ಕಂಪ್ಯೂಟರಿಗೆ ಏರಿಸಿ ಎರಡು ರಾತ್ರಿ ಹುಡುಕಿದ. ಅಡಿಯಲ್ಲಿ ಏನಾದರೂ ಉಳಿದಿರಬಹುದೆಂಬ ಆಸೆ ಅವನಿಗೆ. ನನಗೂ ಇತ್ತೆಂದು ಒಪ್ಪುತ್ತೇನೆ. ಧ್ವನಿಮುದ್ರಣದ ಯಂತ್ರದಲ್ಲಿ ಬರೆಯುವ ಹೆಡ್ಡಿನ ಮುಂಚೆ ಅಳಿಸುವ ಹೆಡ್ಡು ಇರುತ್ತದೆ. ಸುರುಳಿ ಮೊದಲು ಅದನ್ನು ದಾಟಿಯೇ ಮುಂದೆ ಹೋಗಬೇಕು. ಹಳೆಯದರ ಕಾಂತದ ಗುರುತನ್ನು ಒರಸಿದ ಮೇಲೆಯೇ ಹೊಸದನ್ನು ಬರೆಯುವುದು. ಕರಿಹಲಗೆಯ ಮುಂದೆ ಮೂವತ್ತು ವರ್ಷ ನಿಂತ ನನಗೆ ಇದು ತಿಳಿಯದ ವಿದ್ಯೆಯಲ್ಲ. ಏನೂ ಸಿಗಲಿಲ್ಲ. ಆದರೆ ಕೊನೆಯ ನಾಲ್ಕು ನಿಮಿಷಗಳನ್ನು ಅವನು ಶುದ್ಧಮಾಡಿ ತಂದುಕೊಟ್ಟ.

ಅದರಲ್ಲಿ ಮಳೆಯ ಸದ್ದಿದೆ. ಭಾಗವತರು ಪದ್ಯದ ಕೊನೆಯನ್ನು ಮುಗಿಸುತ್ತಾರೆ. ಕೃಷ್ಣ, ಅರಮನೆಗಳನ್ನು ಬಿಟ್ಟು ನಿನ್ನ ಮನೆಗೇ ಬಂದೆ, ಏಕೆಂದು ಬಲ್ಲೆಯಾ ಎಂದು ಕೇಳುತ್ತಾನೆ. ತಂದೆಯವರು ತುಸು ತಡೆದು, ಗಂಟಲು ಸರಿಮಾಡಿಕೊಂಡು ಹೇಳುತ್ತಾರೆ: “ಸ್ವಾಮೀ, ಮನೆ ಸಣ್ಣದು. ಆದರೆ ಬಾಗಿಲು ಹಾಕುವ ಅಭ್ಯಾಸ ನಮಗಿಲ್ಲ.” ಯಾರೋ ಮೆಲ್ಲಗೆ ‘ಹ್ಞಾಂ’ ಎನ್ನುತ್ತಾರೆ. ಮುಂದಿನ ಮಾತಿನ ನಡುವೆ ಸುರುಳಿ ಮುಗಿಯುತ್ತದೆ. ಇತರರ ಹತ್ತು ಕೃಷ್ಣಸಂಧಾನಗಳು ನನ್ನಲ್ಲಿವೆ. ಎಲ್ಲದರಲ್ಲಿಯೂ ವಿದುರ ಈ ಪ್ರಶ್ನೆಗೆ ಉತ್ತರಿಸುತ್ತಾನೆ. ಪಾಂಡಿತ್ಯದ ಉತ್ತರ, ಭಕ್ತಿಯ ಉತ್ತರ, ಚಮತ್ಕಾರದ ಉತ್ತರ. ಈ ಉತ್ತರ ಬೇರೆ ಯಾವುದರಲ್ಲಿಯೂ ಇಲ್ಲ. ಅದು ಆ ರಾತ್ರಿ ನಮ್ಮ ತಂದೆಯವರಿಗೆ ಹೊಳೆದದ್ದು. ನಮ್ಮ ಮನೆಯ ಬಾಗಿಲನ್ನು ಬಲ್ಲವರಿಗೆ ಅದು ಎಲ್ಲಿಂದ ಬಂತೆಂದು ಹೇಳಬೇಕಾಗಿಲ್ಲ.

ಈಗ ಕೂಟಗಳು ನಡೆದ ರಾತ್ರಿಯೇ ಅಂತರ್ಜಾಲ ಸೇರುತ್ತವೆ. ದೊಡ್ಡವರ ಮಾತಿಗೆ ನಷ್ಟವಿಲ್ಲ, ಸಂತೋಷ. ಆದರೆ ನಿಮ್ಮ ನಿಮ್ಮ ಅಟ್ಟಗಳಲ್ಲಿ, ಕಪಾಟುಗಳಲ್ಲಿ ಹಳೆಯ ಕ್ಯಾಸೆಟ್ಟುಗಳು ಇನ್ನೂ ಇರಬಹುದು. ಎಸೆಯುವ ಮುನ್ನ ಕೊನೆಯವರೆಗೆ ಕೇಳಿ; ಎರಡೂ ಮಗ್ಗುಲು ಕೇಳಿ. ಕ್ಯಾಸೆಟ್ಟಿನ ಹಿಂಬದಿಯಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳಿರುತ್ತವೆ. ಅವನ್ನು ಮುರಿದರೆ ಅದರ ಮೇಲೆ ಮತ್ತೊಂದನ್ನು ಬರೆಯಲು ಯಂತ್ರ ಒಪ್ಪುವುದಿಲ್ಲ. ಅರ್ಧ ನಿಮಿಷದ ಕೆಲಸ. 1982ರಲ್ಲಿ ನಾನದನ್ನು ಮಾಡಿರಲಿಲ್ಲ. ಶಿಷ್ಯ ಹೊರಟ ದಿನ ಸಂಜೆ, ಉಳಿದ ಆ ನಾಲ್ಕು ನಿಮಿಷದ ಕ್ಯಾಸೆಟ್ಟನ್ನು ತೆಗೆದು, ಪೆನ್ನಿನ ಮೊನೆಯಿಂದ ಎರಡು ಹಲ್ಲುಗಳನ್ನೂ ಮುರಿದೆ.