ಹಿಂದನ್ನು ತೋರಿಸುತ್ತಿದ್ದ ಅಂಗಡಿ

ಈಗ ಬೈಕು ಕೊಂಡರೆ ಎರಡು ಕನ್ನಡಿ ಜೊತೆಗೇ ಬರುತ್ತವೆ. ಬರ್ಮಿಂಗ್‌ಹ್ಯಾಮ್ ಸುತ್ತಮುತ್ತಲ ಕಾರ್ಖಾನೆಗಳು ಲೋಕಕ್ಕೆಲ್ಲ ಮೋಟಾರ್‌ಸೈಕಲ್ ಕಳಿಸುತ್ತಿದ್ದ ಕಾಲದಲ್ಲಿ ಹಾಗಿರಲಿಲ್ಲ. ಬಿಎಸ್‌ಎ ಇರಲಿ, ನಾರ್ಟನ್ ಇರಲಿ, ಇಂಗ್ಲೆಂಡಿನ ಗಿರಾಕಿಗೆ ಗಾಡಿ ಬಹುಪಾಲು ಕನ್ನಡಿಯಿಲ್ಲದೆಯೇ ಸಿಗುತ್ತಿತ್ತು. ಬೇಕಾದವರು ಅಂಗಡಿಗೆ ಹೋಗಿ ಹಾಕಿಸಿಕೊಳ್ಳಬೇಕು. ಕನ್ನಡಿ ಆರಿಸಿ ಕೂರಿಸಿಕೊಡುವುದು ಅಂಗಡಿಯವನ ಕಸುಬಿನಲ್ಲೇ ಸೇರಿತ್ತು. ಆ ಕಸುಬು ಬದಲಾದದ್ದನ್ನು ನಾನು ಹತ್ತಿರದಿಂದ ಕಂಡವನು.

ನಾನು ಮೈಸೂರಿನವನು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಜಯಚಾಮರಾಜೇಂದ್ರ ಒಡೆಯರು ಉದ್ಘಾಟಿಸಿದ ಕಥೆ ಕೇಳಿಕೊಂಡು, ಅಲ್ಲಿಂದ ಹೊರಬರುವ ಗಾಡಿಗಳ ಸದ್ದಿನಲ್ಲೇ ಬೆಳೆದೆ. 1978ರಲ್ಲಿ ಆಸ್ಪತ್ರೆಯ ಎಕ್ಸ್‌ರೇ ವಿಭಾಗದ ಕೆಲಸಕ್ಕೆಂದು ಬರ್ಮಿಂಗ್‌ಹ್ಯಾಮ್‌ಗೆ ಬಂದಾಗ ಮೊದಲು ನೋಡಬೇಕೆನಿಸಿದ್ದು ಸ್ಮಾಲ್ ಹೀತ್‌ನ ಆರ್ಮರಿ ರಸ್ತೆ. 1950ರ ದಶಕದಲ್ಲಿ ಜಗತ್ತಿನ ಅತಿ ದೊಡ್ಡ ಬೈಕು ಕಂಪನಿ ಎನಿಸಿಕೊಂಡಿದ್ದ ಬಿಎಸ್‌ಎ ಅಲ್ಲಿತ್ತು. ನಾನು ಹೋಗುವ ಹೊತ್ತಿಗೆ ಕಟ್ಟಡ ಬಹುಪಾಲು ಕೆಡವಿಯಾಗಿತ್ತು. ನಾರ್ಟನ್ ತನ್ನ ಬ್ರೇಸ್‌ಬ್ರಿಜ್ ಬೀದಿಯನ್ನು ಎಂದೋ ಬಿಟ್ಟುಹೋಗಿತ್ತು. ಮೆರಿಡನ್‌ನಲ್ಲಿ ಟ್ರಯಂಫ್ ಕೆಲಸಗಾರರೇ ಸಹಕಾರಿ ಸಂಘ ಕಟ್ಟಿಕೊಂಡು ಕಾರ್ಖಾನೆ ನಡೆಸುತ್ತಿದ್ದರು; ಅದೂ 1983ರಲ್ಲಿ ಮುಚ್ಚಿತು.

ಕಾರ್ಖಾನೆ ಹೋದರೂ ಅದನ್ನು ನಂಬಿದ್ದ ಅಂಗಡಿಗಳು ಒಮ್ಮೆಗೇ ಹೋಗುವುದಿಲ್ಲ. ಕವೆಂಟ್ರಿ ರಸ್ತೆಯ ಹತ್ತಿರ ಅಂಥದ್ದೊಂದು ಇತ್ತು. ಮಾಲೀಕರು ಬಿಎಸ್‌ಎಯಲ್ಲಿ ದುಡಿದು ಕೆಲಸ ಕಳೆದುಕೊಂಡವರು. ಗೋಡೆಯ ತುಂಬ ಕೇಬಲ್ಲು, ಲಿವರ್ರು; ಕೌಂಟರಿನ ಹಿಂದೆ ಕಾಗದ ಸುತ್ತಿದ ಕನ್ನಡಿಗಳ ಸಾಲು. ದುಂಡಗಿನವು, ಚೌಕದವು, ಉದ್ದ ಕಾಲಿನವು, ಗಿಡ್ಡ ಕಾಲಿನವು, ಹ್ಯಾಂಡಲ್ ತುದಿಯ ತೂತಿಗೆ ಸಿಕ್ಕಿಸುವ ಬಾರ್ ಎಂಡ್‌ಗಳು. ಹಳೆಯ ಇಂಗ್ಲಿಷ್ ಗಾಡಿಗಳ ಲಿವರ್ ಬುಡದಲ್ಲಿ ಕನ್ನಡಿಗೆಂದು ಥ್ರೆಡ್ ಕೊರೆದಿರುತ್ತಿರಲಿಲ್ಲ. ಮುಕ್ಕಾಲು ಇಂಚಿಗಿಂತ ತುಸು ದಪ್ಪದ, ಅಂದರೆ 22 ಮಿಲಿಮೀಟರಿನ, ಹ್ಯಾಂಡಲ್ ಕೊಳವೆಗೆ ಕ್ಲಾಂಪ್ ಹಾಕಿ ಬಿಗಿಯಬೇಕಿತ್ತು.

ನಾನು ಹಳೆಯ ಬಿಎಸ್‌ಎ ಎ65 ತೆಗೆದುಕೊಂಡು ಅಲ್ಲಿಗೆ ಹೋದೆ. ಅವರು ಯಾವ ಕನ್ನಡಿ ಬೇಕೆಂದು ಕೇಳಲೇ ಇಲ್ಲ. ಗಾಡಿಯನ್ನು ಫುಟ್‌ಪಾತಿನ ಅಂಚಿಗೆ ನಿಲ್ಲಿಸಿ, ನಾನು ರಾತ್ರಿ ಪಾಳಿಗೆ ಹೋಗುವಾಗ ಹಾಕಿಕೊಳ್ಳುವ ದಪ್ಪ ಕೋಟು ಹಾಕಿಸಿ, ಮೇಲೆ ಕೂರಿಸಿದರು. ಒಂದು ಕನ್ನಡಿ ತಾತ್ಕಾಲಿಕವಾಗಿ ಬಿಗಿದರು. ಆಮೇಲೆ ನನ್ನ ಹಿಂದೆ ರಸ್ತೆಯಗಲಕ್ಕೂ ನಡೆಯತೊಡಗಿದರು. “ನಾನು ಎಲ್ಲಿ ಮಾಯವಾಗ್ತೀನೋ ಹೇಳು” ಅನ್ನುವುದು, ನಾನು ಹೇಳಿದ ಜಾಗದಲ್ಲಿ ಸೀಮೆಸುಣ್ಣದ ಗೆರೆ ಎಳೆಯುವುದು. ಕೋಟಿನ ತೋಳೇ ಅರ್ಧ ಗಾಜು ತುಂಬಿತ್ತು. ಉದ್ದ ಕಾಲಿನದು ಹಾಕಿ ಮತ್ತೆ ನಡೆದರು. ಗೆರೆ ಗಾಡಿಯ ಕಡೆಗೆ ಸರಿಯಿತು. ಕೊನೆಗೂ ಒಂದಿಷ್ಟು ಜಾಗ ಯಾವ ಕನ್ನಡಿಗೂ ಸಿಗದೆ ಉಳಿಯಿತು. ಅಲ್ಲಿ ನಿಂತುಕೊಂಡು, ತಿರುಗುವ ಮುನ್ನ ಭುಜದ ಮೇಲಿಂದ ಒಮ್ಮೆ ನೋಡದಿದ್ದರೆ ನಾನು ಇಲ್ಲಿರುವುದು ನಿನಗೆ ಗೊತ್ತೇ ಆಗುವುದಿಲ್ಲ ಎಂದರು. ಇಲ್ಲಿನ ಬೈಕು ತರಬೇತಿಯಲ್ಲಿ ಆ ನೋಟಕ್ಕೆ ಲೈಫ್‌ಸೇವರ್ ಎನ್ನುತ್ತಾರೆ.

ಗಾಜಿನ ವಿಚಾರವನ್ನೂ ಅವರೇ ತಿಳಿಸಿದ್ದು. ಚಪ್ಪಟೆ ಗಾಜು ದೂರವನ್ನು ಇದ್ದ ಹಾಗೇ ತೋರಿಸುತ್ತದೆ, ಆದರೆ ಅಗಲ ಸಾಲದು. ಉಬ್ಬು ಗಾಜಿನಲ್ಲಿ ಹೆಚ್ಚು ರಸ್ತೆ ಕಾಣುತ್ತದೆ, ಆದರೆ ಹಿಂದಿನ ಲಾರಿ ಇರುವುದಕ್ಕಿಂತ ಚಿಕ್ಕದಾಗಿ, ದೂರದಲ್ಲಿರುವಂತೆ ಕಾಣುತ್ತದೆ. ನಡುಕದ ಪಾಡು ಬೇರೆ. ಎ65ರ ಎರಡು ಸಿಲಿಂಡರ್‌ಗಳು ವೇಗ ಹಿಡಿದರೆ ಕನ್ನಡಿಯಲ್ಲಿ ಹೆಡ್‌ಲೈಟುಗಳೆಲ್ಲ ಕಲಸಿಹೋಗುತ್ತಿದ್ದವು. ಸ್ಪಾಗೆಟ್ಟಿ ಜಂಕ್ಷನ್ ದಾಟಿ ಎಂ6 ಹತ್ತಿದರೆ ಹಿಂದೆ ಬರುತ್ತಿರುವುದು ಕಾರೋ ಟ್ರಕ್ಕೋ ತಿಳಿಯದು. 1967ರಲ್ಲಿ ಬಂದ ನಾರ್ಟನ್ ಕಮ್ಯಾಂಡೊದಲ್ಲಿ ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಚಕ್ರದ ತೋಳು ಮೂರನ್ನೂ ರಬ್ಬರಿನ ಮೇಲೆ ಕೂರಿಸಿದ್ದರಿಂದ ವೇಗದಲ್ಲಿ ಕನ್ನಡಿ ತಿಳಿಯಾಗುತ್ತಿತ್ತು. ಉಳಿದವರು ತೂಕದ ಕಾಲು, ರಬ್ಬರ್ ಬಿಲ್ಲೆ ಎಂದೆಲ್ಲ ಪ್ರಯತ್ನಿಸುತ್ತಿದ್ದರು. ಯಾವ ಗಾಡಿಗೆ ಯಾವುದು ಒಗ್ಗುತ್ತದೆ ಎನ್ನುವುದು ಆ ಕೌಂಟರಿನಲ್ಲಿ ಮಾತ್ರ ಗೊತ್ತಾಗುತ್ತಿತ್ತು.

ಜಪಾನಿನ ಗಾಡಿಗಳು ಊರು ತುಂಬಿದ ಮೇಲೆ ವ್ಯಾಪಾರ ತಲೆಕೆಳಗಾಯಿತು. ಹೋಂಡಾ, ಸುಜುಕಿ, ಯಮಹಾಗಳಲ್ಲಿ ಲಿವರ್ ಬುಡದಲ್ಲೇ ಥ್ರೆಡ್, ಅದಕ್ಕೆ ಹೊಂದುವ ಕನ್ನಡಿ, ಎಲ್ಲ ಕಾರ್ಖಾನೆಯಿಂದಲೇ. ಇಲ್ಲದವರು ಹಾಕಿಸಿಕೊಳ್ಳಲು ಬರುತ್ತಿದ್ದ ಅಂಗಡಿಗೆ ಈಗ ಇದ್ದವರು ಬಿಚ್ಚಿಸಿಕೊಳ್ಳಲು ಬರತೊಡಗಿದರು. ಅವರಿಗೆ ಕಂಪನಿಯ ಕನ್ನಡಿ ದೊಡ್ಡದು, ಅಂದಗೇಡಿ. ಬೇಕಾದ್ದು ಸಣ್ಣದು, ತೆಳ್ಳನೆಯದು. ಮಾಲೀಕರು ಅವರನ್ನೂ ಕೂರಿಸಿ, ಹಿಂದೆ ನಡೆದು ತೋರಿಸುತ್ತಿದ್ದರು. ಕೆಲವರು ಮನಸ್ಸು ಬದಲಿಸಿ ಬರಿಗೈಯಲ್ಲಿ ಹೋಗುತ್ತಿದ್ದರು. ಮಾಲು ಮಾರಾಟವಾಗದಂತೆ ತಾವೇ ಮಾಡಿಕೊಳ್ಳುವ ಅಂಥ ವ್ಯಾಪಾರಿಗಳ ಮೇಲೆ ನನಗೆ ಅಪಾರ ಗೌರವ. ವರ್ಷಕ್ಕೊಮ್ಮೆಯ ಎಂಒಟಿ ತಪಾಸಣೆಯಲ್ಲಿ ಬೈಕಿನ ಬ್ರೇಕು, ಟೈರು, ದೀಪ ನೋಡುತ್ತಾರೆ. ಕನ್ನಡಿ ಆ ಪಟ್ಟಿಯಲ್ಲಿಲ್ಲ. ಸರ್ಕಾರ ಕೇಳದ ಪ್ರಶ್ನೆಯನ್ನು ಆ ಕೌಂಟರ್ ಕೇಳುತ್ತಿತ್ತು.

ಮಾಲೀಕರಿಗೆ ವಯಸ್ಸಾಯಿತು, ಅಂಗಡಿ ಮುಚ್ಚಿತು. ಉಳಿದ ಮಾಲು ಸ್ಟ್ಯಾಫರ್ಡ್ ಪ್ರದರ್ಶನದ ಹಳೇ ಬಿಡಿಭಾಗಗಳ ಸಂತೆ ಸೇರಿತು. ಆಮೇಲಿನ ವ್ಯಾಪಾರವನ್ನು ಫೋನು ನುಂಗಿತು.

ಕಾರ್ಖಾನೆಗಳ ಕಥೆ ಮಾತ್ರ ನಾನು ಊಹಿಸದ ದಾರಿ ಹಿಡಿಯಿತು. ಹೊಸೂರಿನ ಟಿವಿಎಸ್ 2020ರಲ್ಲಿ ನಾರ್ಟನ್ ಕೊಂಡು, ಇಲ್ಲೇ ಸೋಲಿಹಲ್‌ನಲ್ಲಿ ಹೊಸ ಕಾರ್ಖಾನೆ ತೆರೆಯಿತು. ಜಾವಾ, ಯೆಜ್ಡಿಗಳಿಗೆ ಮತ್ತೆ ಜೀವ ಕೊಟ್ಟ ಮಹೀಂದ್ರದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿಯೇ ಬಿಎಸ್‌ಎ ಹೆಸರನ್ನೂ ಕೊಂಡು, 2021ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲೇ ಗೋಲ್ಡ್ ಸ್ಟಾರ್ ಬಿಡುಗಡೆ ಮಾಡಿತು. ಯಾದವಗಿರಿಯ ಹೆಸರೂ ಆರ್ಮರಿ ರಸ್ತೆಯ ಹೆಸರೂ ಒಂದೇ ಮನೆ ಸೇರಿದ್ದು ಕಂಡು ನನಗೆ ಆದ ಸಂತೋಷ ಹೇಳತೀರದು. ರೆಡಿಚ್‌ನಲ್ಲಿ ಹುಟ್ಟಿದ ರಾಯಲ್ ಎನ್‌ಫೀಲ್ಡ್ ಚೆನ್ನೈಯದಾಗಿ ಎಷ್ಟೋ ಕಾಲವಾಯಿತು. ಈಗ ಬಾರ್ ಎಂಡ್ ಕನ್ನಡಿಯನ್ನು ಆ ಕಂಪನಿಯೇ ಮಾರುತ್ತದೆ.

ಲೀಡ್ಸ್‌ನಲ್ಲಿ ಓದಲು ಬಂದ ನನ್ನ ಅಕ್ಕನ ಮಗ ಹಳೆಯ ಯಮಹಾ 125 ಒಂದನ್ನು ಕೊಂಡ. “ಮಾವ, ಕನ್ನಡಿ ಬದಲಾಯಿಸ್ತಿದ್ದೀನಿ, ಎಡಗಡೇದು ಕೂತಿತು, ಬಲಗಡೇದು ತಿರುಗ್ತಾನೇ ಇಲ್ಲ” ಎಂದು ಫೋನು ಮಾಡಿದ. ಯಮಹಾದ ಬಲಗಡೆ ಉಲ್ಟಾ ಥ್ರೆಡ್. ಎದುರಿನಿಂದ ಏಟು ಬಿದ್ದರೆ ಕನ್ನಡಿ ಮುರಿಯದೆ ಸಡಿಲಾಗಿ ತಿರುಗಿಕೊಳ್ಳಲಿ ಎಂದು ಹಾಗೆ ಮಾಡಿರುತ್ತಾರೆ. ಅದಕ್ಕೆ ಬೇರೆ ಅಡಾಪ್ಟರ್ ಬೇಕು. ಬಲವಂತ ಮಾಡಬೇಡ ಎಂದು ಹೇಳಿ ಮುಂದಿನ ಭಾನುವಾರ ಹೋದೆ. ಅವನು ತರಿಸಿದ್ದ ಕನ್ನಡಿ ಅಂಗೈಯಗಲವೂ ಇರಲಿಲ್ಲ, ಗಾಜಿನ ಮೇಲೆ ಮಾನ್ಯತೆ ಸಾರುವ ಇ ಗುರುತೂ ಇರಲಿಲ್ಲ. ಬೆಂಗಳೂರಿನಲ್ಲಿ ಕನ್ನಡಿ ಬಿಚ್ಚಿಟ್ಟು ಓಡಿಸಿ ಪೊಲೀಸರಿಗೆ ದಂಡ ಕಟ್ಟುವ ಹುಡುಗರ ವಯಸ್ಸೇ ಅವನದು. ಗದರಲಿಲ್ಲ. ಗಾಡಿಯ ಮೇಲೆ ಕೂರಿಸಿ, ಹಿಂದೆ ನಡೆದೆ. ಎರಡೇ ಹೆಜ್ಜೆಗೆ ನಾನು ಮಾಯ. ಕಂಪನಿಯ ಕನ್ನಡಿ ಹಾಕಿ ಮತ್ತೆ ನಡೆದೆ. ಅವನೇ ಸ್ಪ್ಯಾನರ್ ತೆಗೆದುಕೊಂಡು ಹಳೆಯವನ್ನು ಬಿಗಿದ.

ಸಣ್ಣ ಕನ್ನಡಿಗಳನ್ನು ಬ್ರಾಡ್‌ಫರ್ಡ್‌ನ ಒಬ್ಬ ಹುಡುಗನಿಗೆ ಮಾರಿದ. ಕೊಡುವ ಮೊದಲು ಕೂರಿಸಿ ನಡೆದು ತೋರಿಸಪ್ಪಾ ಎಂದು ಹೇಳಿದ್ದೆ. ತೋರಿಸಿದನಂತೆ. ಆ ಹುಡುಗ ಆದರೂ ಕೊಂಡುಕೊಂಡು ಹೋದನಂತೆ.