ಆ ಒಬ್ಬರು ಯಾರು?

ಮಗ ಒಂದನೇ ಕ್ಲಾಸಿಗೆ ಬಂದಾಗ ನಮ್ಮ ಮನೆಯಲ್ಲೂ ಕಾನ್ವೆಂಟ್ ಮಾತು ಶುರುವಾಯ್ತು. ಜವಳಗೇರಾದಿಂದ ಸಿಂಧನೂರಿಗೆ ವ್ಯಾನಿನಲ್ಲಿ ಹೋಗುವ ಮಕ್ಕಳು ಬಹಳ. ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸು. "ಹುಡುಗನ್ನ ಸಿಸ್ಟರ್‌ಗಳ ಸಾಲಿಗೆ ಹಾಕು, ಹುಡುಗಿಗೆ ಊರಾಗಿಂದ ಸಾಕು" ಅಂದ್ರು ಅತ್ತಿ.

ಆರ್‌ಟಿಇ ಸೀಟು ಸಿಗಬಹುದಾ ಅಂತ ವಿಚಾರಿಸಿದೆವು. ಶೇ 25ರಷ್ಟು ಸೀಟು ಬಡಮಕ್ಕಳಿಗೆ ಕೊಡಬೇಕೆಂಬ ನಿಯಮ ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಇಲ್ಲವಂತೆ. 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹಾಗೆ ತೀರ್ಪು ಕೊಟ್ಟಿದೆ. ಕ್ರಿಶ್ಚಿಯನ್ ಶಾಲೆಗೆ ಸೇರಿಸುವ ಆಸೆಯಿದ್ದವರು ಇದನ್ನು ಮೊದಲೇ ಕೇಳಿಕೊಳ್ಳಿ.

ಅಂದ್ರೆ ಪೂರ್ತಿ ಫೀಸು, ಮೇಲೆ ವ್ಯಾನಿನ ಬಾಡಿಗೆ. ನಮ್ಮದು ಭತ್ತದ ದುಡ್ಡು. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಎರಡನೇ ಬೆಳೆಗೆ ನೀರು ಬರದ ವರ್ಷ, ಜೂನ್ ತಿಂಗಳಲ್ಲಿ ಕೈ ಖಾಲಿ. ಇಬ್ಬರಿಗೆ ಆಗಲ್ಲ, ಒಬ್ಬರಿಗೆ ಹೇಗೋ ಆಗ್ತದೆ.

ಆ ಒಬ್ಬರು ಯಾರು? ಸಿಸ್ಟರ್‌ಗಳ ಶಿಸ್ತು, ಇಂಗ್ಲಿಷು ಚೆನ್ನಾಗಿದೆ, ಸುಳ್ಳಲ್ಲ. ಆದರೆ ತಮ್ಮ ಟೈ ಕಟ್ಟಿಕೊಂಡು ವ್ಯಾನ್ ಹತ್ತೋದನ್ನ ಅಕ್ಕ ದಿನಾ ಬಾಗಿಲಲ್ಲಿ ನಿಂತು ನೋಡಿದರೆ, ಅವಳು ಕಲಿಯೋ ಪಾಠ ಯಾವುದು? ಯಜಮಾನರಿಗೆ ಇದನ್ನೇ ಕೇಳಿದೆ. ಎರಡು ದಿನ ಸುಮ್ಮನಿದ್ದರು. ಮೂರನೇ ದಿನ ಮಗನ ಹೆಸರನ್ನು ಊರ ಶಾಲೆಯಲ್ಲೇ ಬರೆಸಿ ಬಂದರು.

ಫೀಸಿನಲ್ಲಿ ಉಳಿದ ದುಡ್ಡಿನಿಂದ ಸಂಜೆ ಇಬ್ಬರಿಗೂ ಇಂಗ್ಲಿಷ್ ಟ್ಯೂಷನ್ ಹಚ್ಚಿದ್ದೇವೆ. ಅತ್ತಿ ಇನ್ನೂ ಗೊಣಗ್ತಾರೆ. ಹೈಸ್ಕೂಲಿಗೆ ಕಾನ್ವೆಂಟ್ ಆಗಬಹುದು, ಆಗದೆಯೂ ಇರಬಹುದು. ಕಳಿಸಿದರೆ ಇಬ್ಬರನ್ನೂ ಕಳಿಸೋದು ಅಂತ ಮಾತ್ರ ನಿರ್ಧಾರವಾಗಿದೆ.